ಕಸ ಹಚ್ಚುವ ಕೂಲಿ

ಮುದಗಲ್ಲಿನಲ್ಲಿ ನನ್ನ ಹೊಲಿಗೆ ಅಂಗಡಿ,
ಅದರ ಹಿಂದೆ ಹಿತ್ತಿಲು: ಹದಿನೆಂಟು ಅಡಿ, ಹದಿಮೂರು ಅಡಿ.
ಟೇಪು ಹಿಡಿದು ಅಳೆದಿದ್ದೇನೆ, ರೂಢಿ ಬಿಡದು.

ಲಿಂಗಸೂಗೂರಿನ ನರ್ಸರಿಯವನು ಫೋಟೊ ಕಳಿಸಿದ:
ಸುರುಳಿ ಸುತ್ತಿ ಮಾರುವ ಹುಲ್ಲು, ಚದರಡಿ ಲೆಕ್ಕ,
ಥಾನು ಬಿಚ್ಚಿದ ಹಾಗೆ ಬಿಚ್ಚಿ ಹಾಸಿದರೆ ಮುಗಿಯಿತು.
ಕಾಳು ಕಟ್ಟುತ್ತದೆಯೆ, ಕೇಳಿದೆ.
ಕಟ್ಟಲಿಕ್ಕೆ ಬಿಡಬಾರದು ಮೇಡಂ, ವಾರಕ್ಕೊಮ್ಮೆ ಕತ್ತರಿಸಬೇಕು.
ಬೆಳಗಿನಿಂದ ಕತ್ತರಿಯೇ ನನ್ನ ಕೈಯಲ್ಲಿ,
ಸಂಜೆಗೂ ಅದೇ ಯಾಕೆ?

ನನಗೆ ಬೇಕಾದದ್ದು ಹಕ್ಕಿ.
ಮಷಿನ್ನು ನಿಂತಾಗ ಕಿವಿಗೆ ಬೀಳುವಂಥದು ಏನಾದರೊಂದು.

ಮೌಲಮ್ಮನನ್ನು ಕರೆಸಿದೆ.
ನಲವತ್ತು ವರ್ಷ ಮಂದಿಯ ಹೊಲದಲ್ಲಿ ಕಸ ತೆಗೆದ ಕೈ.
ಹಕ್ಕಿ ತಿನ್ನುವ ಹುಲ್ಲು ಬೇಕು, ಈ ನೆಲದ್ದೇ,
ಹುಡುಕಿ ಹಚ್ಚಿಕೊಡು ಅಂದೆ.
ಕುರ್ಪಿ ಕೆಳಗಿಟ್ಟು ನನ್ನ ಮುಖ ನೋಡಿದಳು.
"ಕಸ ಹಚ್ಚಾಕ ಕೂಲಿ ಕೊಡ್ತಿ?"
ಕೊಡ್ತೀನಿ.
"ಕೀಳಾಕ ಮುನ್ನೂರು, ಹಚ್ಚಾಕ ಆರ್ನೂರು.
ಉಲ್ಟಾ ಕೆಲಸ. ಕೈಗೆ ಮರೆವು ಕಲಿಸಬೇಕು."

ಮಳೆ ಬಿಟ್ಟ ಎರಡನೇ ವಾರ, ಕೋಟೆಯ ಕಂದಕದ ದಂಡೆ.
ತೆನೆ ಎಳೆದು ಅಂಗೈಯಲ್ಲಿ ತಿಕ್ಕಿ ಉಫ್ ಎಂದು ಊದಿ
ಉಳಿದದ್ದನ್ನು ನನಗೆ ತೋರಿಸುತ್ತಾಳೆ,
ಬೆಳ್ಳಿ ಅಂಗಡಿಯವನು ತೂಕ ತೋರಿಸುವ ಹಾಗೆ.
"ಇದು ಕಾಡು ಸಾವಿ. ಸಣ್ಣ ಬಾಯಿಗೆ ಸರಿ.
ಇದು ಜೊಳ್ಳು, ಬರೇ ಡೌಲು.
ಇದು ಅಂಜನ. ದನಕ್ಕೂ ಆತು, ಗೂಡಿಗೂ ಆತು.
ಇದು ಅಂಟುಪುರಲಿ. ಬ್ಯಾಡವ್ವಾ,
ತಿನ್ನಾಕ ಬಂದದ್ದರ ರೆಕ್ಕಿ ಹಿಡಕೊಂಡು ಬಿಡಂಗಿಲ್ಲ.
ನೋಡೀನಿ, ಒಂದು ಗುಬ್ಬಿ, ಒಣಗಿ ತೂಗಾಡತಿತ್ತು."
ಸೂಜಿ ಹುಲ್ಲು ನನಗೆ ಬೇಡ, ಗಿರಾಕಿಗಳ ಬಟ್ಟೆ ಅಂದೆ.
"ಸೂಜಿಗಿ ಟೇಲರಮ್ಮ ಅಂಜತಾಳ!" ಎಂದು
ಕೆಮ್ಮು ಬರುವ ತನಕ ನಕ್ಕಳು.

ನಡುವೆ ಕರಡ ಹಚ್ಚಿದಳು, ಸುತ್ತು ಬರುವ ಹಾಗೆ,
ಒಳಗೆ ಒಂದು ಮೊಳ ಬರಿ ನೆಲ ಬಿಟ್ಟು.
ಇದ್ಯಾಕೆ?
"ಬುರ್ಲಿಗೆ. ಕುಂದ್ರಾಕ."
ಬಜಾರದ ನಡುವೆ, ಅಂಗಡಿಯ ಹಿಂದೆ, ಬುರ್ಲಿ ಬರುತ್ತದೆಯೆ?
"ಬರಂಗಿಲ್ಲ. ಬಂದ್ರ ಜಾಗ ಇರಲಿ."

ಪಕ್ಕದ ಔಷಧಿ ಅಂಗಡಿಯ ಸೂಗಪ್ಪ ಗೋಡೆಯ ಮೇಲಿಂದ
ಹಾವಿನ ಸುದ್ದಿ ಹೇಳಿದ, ದಿನಕ್ಕೊಂದು.
ಬ್ಲೌಸಿಗೆ ಬಂದವರು, ಹಿಂದೆ ಕಸ ಬೆಳೆದದೆ ಅಕ್ಕಾ,
ಆಳು ಸಿಗಲಿಲ್ಲೇನು ಅಂದರು.
ಸಿಕ್ಕಾಳೆ, ದುಬಾರಿ ಅಂದೆ.

ದೀಪಾವಳಿಯ ಹೊತ್ತಿಗೆ ಸಾವಿ ತಲೆ ಬಾಗಿಸಿತ್ತು.
ನಾನು ಲೈನಿಂಗ್ ಬಟ್ಟೆ ತರಲಿಕ್ಕೆ ಮಸ್ಕಿಗೆ ಹೋದ ದಿನ
ಮೌಲಮ್ಮ ಬಂದಿದ್ದಾಳೆ, ಕಾದಿದ್ದಾಳೆ,
ಸುಮ್ಮನೆ ಕೂತು ಗೊತ್ತಿಲ್ಲದವಳು.
ನಾನು ಬರುವಷ್ಟರಲ್ಲಿ ಗೋಡೆಯ ಬದಿ ಒಂದು ಪಟ್ಟಿ
ಬೋಳು. ಕಿತ್ತದ್ದೆಲ್ಲ ಬೇರು ಒಂದೇ ಕಡೆ ಮಾಡಿ
ಅಚ್ಚುಕಟ್ಟಾಗಿ ಒಟ್ಟಿದ್ದಳು.
ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದಳು.
"ಮರೀಲಿಲ್ಲ ನೋಡವ್ವ ಇದು."

ಬಯ್ಯಲಿಕ್ಕೆ ಬಾಯಿ ಬರಲಿಲ್ಲ. ಚಹಾ ಮಾಡಿದೆ.
ಒಟ್ಟಿದ್ದನ್ನು ತೆಗೆಯುವುದು ನಾಳೆ ಆಗಲಿ ಎಂದು ಬಿಟ್ಟೆವು.
ಆ ನಾಳೆ ಎಂಟು ದಿನ ಬರಲಿಲ್ಲ, ಮದುವೆ ಆರ್ಡರು.

ಒಂಬತ್ತನೆಯ ದಿನ ರಾಟವಾಳ, ಎರಡು.
ಮಣ್ಣಿನ ಬಣ್ಣ, ಬೂದಿ ಕೊಕ್ಕು, ಕರಿ ಬಾಲ.
ನಿಂತ ತೆನೆಯ ಕಡೆ ತಿರುಗಲಿಲ್ಲ,
ಒಣಗಿದ ರಾಶಿಯ ಮೇಲೆ ಇಳಿದವು.
ಆರಿಸುತ್ತವೆ! ಒಂದನ್ನು ಎಳೆದು, ಬೇಡ ಎಂದು ಬಿಟ್ಟು,
ಇನ್ನೊಂದು. ಸೀರೆ ಅಂಗಡಿಯ ಹೆಂಗಸರ ಗತ್ತು.
ತನ್ನ ಮೂರು ಪಟ್ಟು ಉದ್ದದ ಎಳೆ ಕಚ್ಚಿ ಹಾರಿ
ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸಿಕೊಂಡು
ಬೀಳಿಸಿ, ಮತ್ತೆ ಬಂದು, ಮತ್ತೆ ಅದನ್ನೇ.

ಪೆಡಲಿನ ಮೇಲಿಂದ ಕಾಲು ತೆಗೆದೆ.
ಹೊಸ್ತಿಲಲ್ಲಿ ಕೂತ ಮೌಲಮ್ಮ ಎರಡೂ ಕೈಗಳನ್ನು
ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದಳು.
"ಕಿತ್ತದ್ದಕ್ಕ ಮುನ್ನೂರು ಬರಬೇಕು" ಅಂದಳು,
ಹಕ್ಕಿ ಬೆದರದ ಹಾಗೆ, ಪಿಸುದನಿಯಲ್ಲಿ.

ಕೊಟ್ಟೆ.
ಕರಡದ ಒಳಗಿನ ಒಂದು ಮೊಳ ಹಾಗೇ ಇದೆ.
ಬುರ್ಲಿ ಬಂದಿಲ್ಲ.