ಸೊನ್ನೆಯಿಂದ ಹತ್ತು

ಲಕೋಟೆ ಒಡೆದಾಗ ಗೊತ್ತಾಗುತ್ತದೆ.
ಅ ಎಂದಿದ್ದರೆ ಸಣ್ಣ ಸೂಜಿ, ಮೈಬಿಸಿಗೆ ಕಾಸಿದ ಔಷಧ,
ಹನಿ ಹನಿಯಾಗಿ, ನಿಧಾನ.
ಬ ಎಂದಿದ್ದರೆ ಎಂದಿನಂತೆ,
ಕಪಾಟಿನಿಂದ ನೇರ, ಒಂದೇ ತಳ್ಳು.
ಎರಡೂ ಬೆನ್ನಿನ ತೊಗಲು ಮರಗಟ್ಟಿಸಲಿಕ್ಕೆ,
ಹಿಂದೆ ಬರುವ ದೊಡ್ಡ ಸೂಜಿಗೆ ದಾರಿ ಬಿಡಲಿಕ್ಕೆ.
ಯಾವುದು ಕಡಿಮೆ ನೋಯುತ್ತದೆ?
ಅರವತ್ತು ಹೆಂಗಸರನ್ನು ಕೇಳಿ, ಜೂನ್ ಒಳಗೆ
ಬರೆದು ಮುಗಿಸಬೇಕು ಡಾಕ್ಟರ್ ಅರ್ಪಿತಾ ಹಂಚಿನಾಳ.

ನನ್ನ ಕೆಲಸ, ಎದುರು ನಿಂತು ಭುಜ ಹಿಡಿಯುವುದು,
ಆಮೇಲೆ ಪ್ಲಾಸ್ಟಿಕ್ ಪಟ್ಟಿ ಚಾಚುವುದು.
ಸೊನ್ನೆಯ ತುದಿಗೆ ನಗುವ ಮುಖ, ಹತ್ತರಲ್ಲಿ ಅಳುವುದು.

"ಕೌದಿ ಹೊಲಿಯಾಕ ಕುಂತಂಗ ಕುಂದ್ರವ್ವಾ,
ಗದ್ದ ಎದಿಗೆ ಹಚ್ಚು, ಬೆನ್ನ ಹೊರಗ ತಳ್ಳು."
ಹೀಗೆ ಹೇಳಿದರೆ ಬಾಗಲಕೋಟೆಯ ಸುತ್ತ
ಯಾವ ಬೆನ್ನಾದರೂ ಬಾಗುತ್ತದೆ,
ಹೊಟ್ಟೆ ಅಡ್ಡ ಬಂದರೂ.

ಗುಳೇದಗುಡ್ಡದ ನೀಲಗಂಗವ್ವ:
"ಖಣ ನೇಯೋ ಮುಂದ ಎಳಿ ಬೆರಳ ಕೊಯ್ದ್ರ
ಚುರ್ ಅಂತೈತಲ್ರಿ, ಅಷ್ಟ."
ಎರಡು ಅಂತ ಬರೆದೆ.

ಕಲಾದಗಿಯ ಮೆಹರುನ್ನಿಸಾ:
"ದಾಳಿಂಬರ ಗಿಡದ ಮುಳ್ಳು.
ಹಣ್ಣ ಹರಿಯೋ ಮುಂದ ಅಲ್ಲ,
ಮನಿಗೆ ಬಂದು ಕೈ ತೊಳಕೊಳ್ಳೋ ಮುಂದ."
ಪಟ್ಟಿಯ ಮೇಲೆ ಅದೆಲ್ಲಿದೆ ಎಂದು ಇಬ್ಬರೂ ಹುಡುಕಿದೆವು.

"ಸೂಜಿ ಬಿಡ್ರಿ, ಮೊದಲ ತಣ್ಣನ ಸ್ಪಿರಿಟ್ ಹಚ್ಚಿದ್ರಲ್ಲ, ಜೀವ ಹೋತು."
"ಈಗ ಚುಚ್ಚತೇನಿ ಅಂದ್ರಲ್ಲ, ಆ ಮಾತು. ಅದಕ್ಕ ಏಳು."
"ಬ್ಯಾನಿ ಎಣಸಾಕ ಹತ್ತಿದ್ದೆ. ನಿಮ್ಮ ಸೂಜಿ
ಯಾವಾಗ ಬಂತು, ಯಾವಾಗ ಹೋತು?"

ಬಾದಾಮಿ ಕಡೆಯ ಹತ್ತೊಂಬತ್ತರ ಹುಡುಗಿ
ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ:
"ಸೊನ್ನಿ ಬರೀರಿ. ಹೊರಗ ನಮ್ಮತ್ತಿ ಅದಾಳ."
ಬರೆದೆ.
ಕೆಳತುಟಿಯಲ್ಲಿ ಹಲ್ಲಿನ ಗುರುತಿತ್ತು, ನಾಲ್ಕು ಹಲ್ಲು.

ನನ್ನದಾದದ್ದು ರಬಕವಿಯಲ್ಲಿ, ಇಪ್ಪತ್ತಾರು ವರ್ಷದ ಹಿಂದೆ.
ಬೆನ್ನಿಗೆ ಸೂಜಿಯಿರಲಿಲ್ಲ, ಮುಂದೆ ಪಟ್ಟಿಯಿರಲಿಲ್ಲ.
ಎಷ್ಟು ಅಂತ ಯಾರೂ ಕೇಳಲಿಲ್ಲ.
ಕೇಳಿದ್ದರೆ ಬೈದಿರುತ್ತಿದ್ದೆ.
ಆದರೂ ಕೇಳಬಹುದಿತ್ತು.

ಮೇ ಕೊನೆಗೆ ಐವತ್ತೊಂಬತ್ತರ ಲೆಕ್ಕ ಹಾಕಿ ನೋಡಿದರು.
ಅ ಗುಂಪು ಮೂರು ಚಿಲ್ಲರೆ, ಬ ನಾಲ್ಕರ ಹತ್ತಿರ.
"ಅಂಥಾ ಫರಕೇನಿಲ್ಲ ಸಿಸ್ಟರ್,"
ಅರ್ಪಿತಾ ಮುಖ ಸಣ್ಣದಾಯಿತು.
ಆದರೂ ಆವತ್ತಿನಿಂದ, ಲಕೋಟೆ ಇರಲಿ ಬಿಡಲಿ,
ಬೇರೆ ಹೆಂಗಸರಿಗೆ ಚುಚ್ಚುವ ಮೊದಲು
ಬಾಟಲಿಯನ್ನು ಅಂಗೈಯೊಳಗೆ ಮುಚ್ಚಿ ಹಿಡಿದು
ಸುಮ್ಮನೆ ನಿಲ್ಲುತ್ತಾರೆ ಒಂದು ಗಳಿಗೆ.

ನನ್ನ ಲೆಕ್ಕ ಮೊಣಕೈ ಕೆಳಗೆ:
ಉಗುರಿನ ಅರ್ಧಚಂದ್ರಗಳು, ಹಳೆಯವು ಕಪ್ಪು, ಹೊಸವು ಕೆಂಪು.
ಯಾವುದು ಅ, ಯಾವುದು ಬ, ಗುರುತು ಸಿಗದು.

ಅರವತ್ತನೆಯಾಕೆ ಮುಧೋಳದ ದುಂಡವ್ವ.
ಕಬ್ಬಿನ ರವದಿ ಗೀರಿದಂಗಾತು, ನಾಲ್ಕು, ಅಂದವಳು
ನೋವಿಳಿದ ಮೇಲೆ ಮಗ್ಗುಲಾಗಿ
ನನ್ನ ತೋಳು ನೋಡಿದಳು ತುಸು ಹೊತ್ತು.
ಪಟ್ಟಿ ಕಸಿದು ನನ್ನ ಕಡೆ ತಿರುಗಿಸಿದಳು.
"ಮತ್ತ ನಿಮಗ ಎಷ್ಟಾತ್ರಿ, ಸಿಸ್ಟರ್?"

ಸೊನ್ನೆ, ಅಂದೆ.

ಆಕೆ ಬಾಗಿಲ ಕಡೆ ನೋಡಿದಳು,
ನನಗಾಗಿ ಅಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು.