ಷರಾ

ಮಸ್ಜಿದ್ ಬಂದರಿನ ಹಳೆ ಕಟ್ಟಡ, ಮೂರನೆಯ ಮಾಳಿಗೆ.
ಒಂದು ಕಾಲಕ್ಕೆ ಚಹಾ ಕಾಯಿಸುತ್ತಿದ್ದ ಗೂಡಿನಲ್ಲಿ
ಸರ್ವರು ಕೂತಿದೆ. ಏಸಿ ತೊಟ್ಟಿಕ್ಕುವಲ್ಲಿ ಹಸಿರು ಬಕೆಟ್ಟು.
ಸಂಜೆ ಅದನ್ನು ಚೆಲ್ಲುವುದು ಯಾರ ಕೆಲಸ ಎಂದು
ಯಾವ ಕಾಗದದಲ್ಲೂ ಇಲ್ಲ.
ಚಿಕ್ಕ ಶೇಠರು ಹೇಳಿದರು: ಎಲ್ಲ ಮೇಲಕ್ಕೆ ಕಳಿಸಿ.
ಮೇಲಕ್ಕೆ ಎಂದರೆ ಕ್ಲೌಡಿಗೆ.
ಅದರ ನಕ್ಷೆ ಬರೆಯಲು ಬಂದವಳು ನಾನು.

ನೂರ ನಲವತ್ತೊಂದು ಜನ, ನೂರ ಹದಿನೆಂಟು ಡಬ್ಬಿ.
ಮೀಟಿಂಗು ಹಿಂದಿಯಲ್ಲಿ, ಸಿಟ್ಟು ಗುಜರಾತಿಯಲ್ಲಿ,
ಎಣಿಸುವುದು ಮಾತ್ರ ಈಗಲೂ ಕನ್ನಡದಲ್ಲಿ, ತುಟಿಯೊಳಗೆ,
ಡೊಂಬಿವಲಿಯ ಚಾಳಿನಲ್ಲಿ ಅಜ್ಜಿ ಹಪ್ಪಳ ಎಣಿಸಿದ ಹಾಗೆ.
ಯಾರಿಗೆ ಎಷ್ಟು ಮೆಮೊರಿ, ಯಾರಿಗೆ ಎರಡು ಪರದೆ,
ಹಳೆಯ ಪ್ರಿಂಟರು ಕಿತ್ತರೆ ಯಾರು ರಜೆ ಹಾಕುತ್ತಾರೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ಅಜ್ಜಿ.
ಇಲ್ಲಿ ಹಾಸಿಗೆಯೇ ಗಂಟೆ ಲೆಕ್ಕದ ಬಾಡಿಗೆಗೆ:
ಚಾಚಿದಷ್ಟೂ ಹಿಗ್ಗುತ್ತದೆ,
ಹಿಗ್ಗಿದ್ದೆಲ್ಲ ತಿಂಗಳ ಕೊನೆಗೆ ಡಾಲರಿನಲ್ಲಿ ಬರುತ್ತದೆ.

ಕಷ್ಟ ಇರುವುದು ಒಟ್ಟು ಜನರಲ್ಲಲ್ಲ,
ಒಟ್ಟಿಗೆ ಬರುವ ಜನರಲ್ಲಿ.
ಕಲ್ಯಾಣದ ಸ್ಲೋ ಲೋಕಲು ನಿಂತು, ಮೆಟ್ಟಿಲು ಹತ್ತಿ ಮುಗಿದು
ಅರವತ್ತು ಜನ ಒಂದೇ ನಿಮಿಷಕ್ಕೆ ಪಾಸ್‌ವರ್ಡು ಒತ್ತುತ್ತಾರೆ.
ಹಾರ್ಬರ್ ಲೈನಿನವರು ಹದಿಮೂರು ನಿಮಿಷ ತಡ.
ಹಾಗಾಗಿ ಒಂಬತ್ತೂವರೆಗೇ ಇಪ್ಪತ್ತು ಯಂತ್ರ ಎಬ್ಬಿಸಿಡಬೇಕು,
ಮದುವೆಮನೆಯ ಒಲೆ ಮೊದಲೇ ಹೊತ್ತಿಸಿಟ್ಟಂತೆ.
ಗ್ರಾಫಿನಲ್ಲಿ ಎಲ್ಲ ಹೊಂದಿತು, ಒಂದು ಚುಕ್ಕೆ ಬಿಟ್ಟು:
ಒಂದು ದಿನ ಎಂಟೂ ಹತ್ತು, ಮರುದಿನ ಒಂಬತ್ತು,
ಅದರ ಮರುದಿನ ಹತ್ತಕ್ಕೆ ಹತ್ತು ನಿಮಿಷ.
ಲಾಗು ಕೆಟ್ಟಿದೆ ಎಂದುಕೊಂಡೆ.

ಕೆಟ್ಟಿರಲಿಲ್ಲ. ಪದ್ಮಾಕರ ಘರತ್, ಆಮದು ವಿಭಾಗ,
ಉರಣ್ ಕಡೆಯವರು, ಮೋರಾ ಜೆಟ್ಟಿಯಿಂದ ಲಾಂಚಿನಲ್ಲಿ ಬರುತ್ತಾರೆ.
ಇಳಿತವಿದ್ದರೆ ಲಾಂಚು ಕೆಸರಿಗೆ ಕೂರುತ್ತದೆ;
ಘರತ್ ಡಬ್ಬಿಯನ್ನು ತೊಡೆಯ ಮೇಲಿಟ್ಟು ನೀರಿಗೆ ಕಾಯುತ್ತಾರೆ.
ನನ್ನ ಲೆಕ್ಕದಲ್ಲಿ ಚಂದ್ರನಿಗೆ ಜಾಗವಿರಲಿಲ್ಲ.
ಒಂದು ಸಾಲು ಸೇರಿಸಿದೆ.

ಅವರ ಪರದೆ ನೋಡಲು ಹೋದೆ, ಎಲ್ಲರದ್ದನ್ನೂ ನೋಡಿದ ಹಾಗೆ.
ಉಳಿದವರಲ್ಲಿ ಕಡತಗಳು ನೊಣ ಮುತ್ತಿದಂತೆ.
ಇವರಲ್ಲಿ ಎಲ್ಲವೂ ಎಡದಂಚಿಗೆ ಒತ್ತಿ, ಹೆಸರಿನ ಮೇಲೆ ಹೆಸರು,
ಲೋಕಲಿನ ಬಾಗಿಲಿಗೆ ಜೋತವರಂತೆ.
ಮಿಕ್ಕಿದ್ದು ಬಯಲು: ಬಿಳಿ ಚೌಕ, ಬೂದು ಚೌಕ, ತೆಳ್ಳನೆ ಬದು,
ಒರಗಿಸಿಟ್ಟ ಒಂದು ಬಾಚುವ ಹಲಗೆ.
ಮಿಠಾಗರ, ಅಂದರು. ಉಪ್ಪಿನಾಗರ, ಅಂದುಕೊಂಡೆ;
ಅರ್ಧ ಶಬ್ದ ಎರಡೂ ಭಾಷೆಗೆ ಒಂದೇ.
ಈಗ ಅಲ್ಲಿ ಕಂಟೇನರುಗಳು ಒಂದರ ಮೇಲೊಂದು.
ಅವುಗಳ ಕಾಗದ ಬಿಡಿಸುವುದೇ ಇವರ ನೌಕರಿ.
ಹೇಳುತ್ತ ಹೇಳುತ್ತ ಮೌಸನ್ನು ಬದುವಿನ ಮೇಲೆ ನಡೆಸಿದರು,
ಪಾತಿಗೆ ತಾಗದಂತೆ.

'ಢಗಕ್ಕೆ ಹೋದರೆ ಇದು ಇರುತ್ತದಾ?'
ಢಗ ಎಂದರೆ ಮೋಡ. ಆಫೀಸಿನಲ್ಲಿ ಹಾಗೆ ಕರೆದವರು ಅವರೊಬ್ಬರೇ.
ವಿವರಿಸಿದೆ: ಹೊಸ ಏರ್ಪಾಡಿನಲ್ಲಿ ಯಂತ್ರ ಯಾರದೂ ಅಲ್ಲ,
ಬೆಳಿಗ್ಗೆ ಸಿಕ್ಕಿದ್ದು ನಿಮ್ಮದು, ಸಂಜೆ ಒರೆಸಿ ಮಡಿ,
ನಾಳೆ ಅದೇ ಇನ್ನೊಬ್ಬರಿಗೆ, ಖಾನಾವಳಿಯ ತಟ್ಟೆ.
ಕಡತ ಬೇರೆಡೆ ಭದ್ರ. ಗೋಡೆಗೆ ಮಾತ್ರ
ಎಲ್ಲರಿಗೂ ಕಂಪನಿಯ ನೀಲಿ ಲಾಂಛನ.
ಸರಳವಾಗಿ ಹೇಳಿದೆ. ಸರಳವಾಗಿ ಹೇಳುವುದಕ್ಕೇ ನನಗೆ ಸಂಬಳ.
ಘರತ್ ಕನ್ನಡಕ ತೆಗೆದರು:
'ಮೇಡಂ, ಆಗರದಲ್ಲೂ ನೀರು ಮೋಡಕ್ಕೇ ಹೋಗೋದು.
ಉಳಿದದ್ದನ್ನು ಬಾಚೋದಕ್ಕೆ ನಾವು ಇದ್ದದ್ದು.'

ರಾತ್ರಿ ಡೊಂಬಿವಲಿ. ಕುಕ್ಕರು ಮೂರನೆಯ ಸಲ ಕೂಗುವಾಗ
ಅಂತಿಮ ಪಟ್ಟಿಯ ಎಂಬತ್ತೇಳನೆಯ ಸಾಲು.
ಲಾಂಛನ ಕಡ್ಡಾಯ: ಆ ಚೌಕದ ಟಿಕ್ಕು ತೆಗೆದೆ.
ಪಕ್ಕದಲ್ಲಿ ಷರಾ. ಖಾಲಿ ಬಿಟ್ಟರೆ ಹಾಳೆ ಒಪ್ಪುವುದಿಲ್ಲ.
ಬರೆದೆ, ಅಳಿಸಿದೆ, ಅನ್ನಕ್ಕೆ ಒಗ್ಗರಣೆ ಹಾಕಿ ಬಂದೆ.
ಕೊನೆಗೆ: 'ಉಬ್ಬರವಿಳಿತದ ಅವಲಂಬನೆ.'
ಯಾರೂ ಕೇಳುವುದಿಲ್ಲ. ತಾಂತ್ರಿಕವಾಗಿದೆ ಅನ್ನಿಸುತ್ತದೆ.

ಶೇಠರ ಸಹಿ ಬಿದ್ದಿದೆ. ಶನಿವಾರ ಸರ್ವರು ಆರಿಸುತ್ತೇವೆ.
ಬಕೆಟ್ಟಿನ ಮಾತನ್ನು ಯಾರೂ ಎತ್ತಿಲ್ಲ,
ಇನ್ನೂ.