ಕಿರುಗಾವಲಿನಲ್ಲಿ ಹೆಳವನ ಬೆರಳು

ಶಾಲೆಯ ಜಗಲಿ, ಕಾಲು ಮುರಿದ ಬೆಂಚು,
ಥರ್ಮಾಸಿನಲ್ಲಿ ಮೈಸೂರಿಂದ ತಂದ ಐಸು.
ಪಿಂಗಾಣಿ ಬಿಲ್ಲೆಯಲ್ಲಿ ಮೂರು ಗುಳಿ:
ನೀಲಿ ದ್ರವ, ಹಳದಿ, ಇನ್ನೊಂದಕ್ಕೆ ಬಣ್ಣವಿಲ್ಲ.
ನನ್ನ ಕೆಲಸ ಚುಚ್ಚುವುದು, ಕಡ್ಡಿ ಆಡಿಸುವುದು,
ಕೂಗುವುದು: ಎ. ಬಿ. ಓ. ಮತ್ತೆ ಬಿ.
ಬರೆದುಕೊಳ್ಳುವವರು ಸುಗುಣಾ ಮೇಡಂ.

'ಇದ್ರಿಂದ ಏನ್ ಗೊತ್ತಾಯ್ತದೆ?' ಅಂದಳು ಚಿಕ್ಕತಾಯಮ್ಮ,
ಬೆರಳಿಗೆ ಸೆರಗು ಸುತ್ತಿಕೊಂಡು.
'ನಿಮ್ಮೋರು ಯಾವ ದಾರೀಲಿ ನಡ್ಕೊಂಡು ಬಂದ್ರು ಅಂತ.'
'ಮಳವಳ್ಳಿ ದಾರೀಲೇ ಕಣವ್ವ. ಬಸ್ಸೆಲ್ಲಿತ್ತು ಆಗ?'

ರಕ್ತ ಗಂಟು ಕಟ್ಟುವುದನ್ನು ನೋಡಬೇಕು:
ಕೋಲು ಸರಿಯಾಗಿ ಆಡದ ಮುದ್ದೆಯ ಹಾಗೆ.
ಗಂಟಾದರೆ ಗುರುತು ಸಿಕ್ಕಿತು.
ಇಲ್ಲವಾದರೆ ಕೆಂಪು ನೀರು, ಹೆಸರು ಹೇಳದೆ.

ಮೇಲಿನ ಕೇರಿ, ಕೆಳಗಿನ ಕೇರಿ, ಸಾಬರ ಬೀದಿ,
ಮೂರಕ್ಕೆ ಮೂರು ಹಾಳೆ.
ಮಧ್ಯಾಹ್ನ ಕೂಡಿದರೆ ಮೂರರಲ್ಲೂ ಬಿ ಹೆಚ್ಚು ಕಡಿಮೆ ಒಂದೇ.
ಮೇಡಂ ಇನ್ನೊಂದು ಸಲ ಕೂಡಿದರು.
'ಇಲ್ಲಿಂದ ಪಡುವಲಿಗೆ, ಕಡಲಾಚೆಗೆ ಹೋದಷ್ಟೂ ಬಿ ತೆಳುವಾಗುತ್ತೆ,
ನಾಲೆಯ ಕೊನೇ ನೀರಿನ ಹಾಗೆ' ಅಂದರು, ನನಗಲ್ಲ, ಪೆನ್ಸಿಲ್ಲಿಗೆ.

ಆಗ ಬಂದ ಎತ್ತಿನ ಮೇಲೆ ಹೆಳವರ ಸಣ್ಣಸಿದ್ದ, ಗಂಟೆ ಬಾರಿಸುತ್ತ.
ಎದುರಿಗೇ ಪಟೇಲರ ಮನೆ. ನಿಂತಲ್ಲೇ ಬಿಚ್ಚಿದ:
ಬೋರೇಗೌಡನ ಮಗ ಕಾಳೇಗೌಡ, ಕಾಳೇಗೌಡನ ಮಗ ಮರೀಗೌಡ,
ಹದಿನಾಲ್ಕು ತಲೆಮಾರು ಒಂದೇ ಉಸಿರಿಗೆ,
'ತಲಕಾಡಿಗೆ ಮರಳು ಬಿದ್ದಾಗ ಹೊಳೆ ದಾಟಿದೋರು.'
ಒಂದು ಮೊರ ರಾಗಿ ಸಿಕ್ಕಿತು.

'ಅದಕ್ಕೂ ಮುಂಚೆ?' ಮೇಡಂ ಜಗಲಿಯಿಂದಲೇ ಕೇಳಿದರು.
'ಅದಕ್ಕೂ ಮುಂಚೆ ರಾಗಿ ಕೊಡೋರು ಇರ್ಲಿಲ್ಲ, ತಾಯಿ.'
'ನಿನ್ನ ವಂಶ ಹೇಳೋರು ಯಾರು?'

ಎತ್ತಿನ ಗಂಗೆದೊಗಲು ಸವರಿದ. ಬಹಳ ಹೊತ್ತು.
ಆಮೇಲೆ ಬೆರಳು ಚಾಚಿದ, ಸುಮ್ಮನೆ.

ನೀಲಿಯಲ್ಲಿ ಹಾಗೇ ಹರಿಯಿತು.
ಹಳದಿಯಲ್ಲಿ, ಹತ್ತು ಎಣಿಸುವಷ್ಟರಲ್ಲಿ, ಗಂಟು.
'ಬಿ' ಎಂದು ಕೂಗಿದೆ.
ಯಾವ ಹಾಳೆಗೆ ಬರೆಯುವುದು, ಮೇಡಂಗೆ ತಿಳಿಯಲಿಲ್ಲ.

'ಇನ್ಯಾರ್ದವ್ವ ಇದೇ ಥರ?'
ಬಿಲ್ಲೆಗಳನ್ನು ತೋರಿಸುತ್ತ ಹೋದೆ: ಚಿಕ್ಕತಾಯಮ್ಮನದು,
ಪಟೇಲರ ಸೊಸೇದು, ಕುರಿ ರಹಮತ್ತನದು,
ಬೆಳಿಗ್ಗೆ ಪರೀಕ್ಷೆಗೆಂದು ನಾನೇ ಚುಚ್ಚಿಕೊಂಡದ್ದು.

ಕೇಳಿ ಮುಗಿಸಿ, ಜೋಳಿಗೆಯಿಂದ ಒಂದು ಹಿಡಿ ರಾಗಿ
ನನ್ನ ಮಡಿಲಿಗೆ ಸುರಿದ.
ವಂಶ ಹೇಳಿದವರಿಗೆ ಕೊಡದೆ ಹೋಗಬಾರದಂತೆ.

ವಾಪಸು ಬಸ್ಸಿನಲ್ಲಿ ಮೇಡಂ ಹೇಳಿದರು,
ರಾಗಿಯೂ ಇಲ್ಲಿಯದಲ್ಲ,
ಆಫ್ರಿಕಾದಿಂದ ಯಾರದೋ ಮೂಟೆಯಲ್ಲಿ ಬಂದದ್ದು.
ಬನ್ನೂರು ದಾಟಿತ್ತು. ಕತ್ತಲೆ.
ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡೆ.